ನಾಲ್ಕನೇ ತರಗತಿಯಲ್ಲೂ ಗುಂಪು ಉಳಿಯಲಿ

ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಎಲ್ಲ ಪಾಲಕರಲ್ಲಿ ಒಂದು ಮನವಿ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ನಮ್ಮ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗೆ ಬೇರೂರಿದೆ. ಅಲ್ಲಿ ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಸಹಾಯ, ಇನ್ನೊಂದಕ್ಕೆ ಸಹಪಾಠಿಗಳ ಸಹಾಯ, ಮತ್ತೊಂದರಲ್ಲಿ ಸ್ವಕಲಿಕೆ. ನಿಧಾನವಾಗಿ ಕಲಿಯುವ ಮಗುವೂ ತನ್ನ ಮೆಟ್ಟಿಲಿನಿಂದಲೇ ಮುಂದಕ್ಕೆ ಹೋಗುತ್ತದೆ. ನಾಲ್ಕನೇ ತರಗತಿಗೆ ಬಂದರೆ ಬಹುಪಾಲು ಕಡೆ ಸಾಲು ಬೆಂಚು, ಎಲ್ಲರಿಗೂ ಒಂದೇ ವೇಗ. ವಿಶೇಷ ಅಗತ್ಯವುಳ್ಳ ಮಗು ಹಿಂದಿನ ಬೆಂಚಿಗೆ ಸರಿಯುವುದು ಇಲ್ಲೇ. ಹಾಜರಿಯಲ್ಲಿ ಹೆಸರಿರುತ್ತದೆ, ಪಾಠದಲ್ಲಿ ಪಾಲಿರುವುದಿಲ್ಲ.

ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಹೇಳುವ ಸಮನ್ವಯ ಶಿಕ್ಷಣ ಇದಲ್ಲ. ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಕಲಿಸುವ ಕ್ರಮ ವಿಕಲಚೇತನ ಮಕ್ಕಳಿಗೆ ಒಗ್ಗುವಂತೆ ಬದಲಾಗಬೇಕು ಎನ್ನುತ್ತದೆ ಅದು.

ಶಿಕ್ಷಕರೇ, ನಾಲ್ಕು ಮಕ್ಕಳ ಮಿಶ್ರ ಗುಂಪು ಮಾಡಿ. ಊರಿನ ನೀರಿನ ಪಾಠವೆಂದುಕೊಳ್ಳಿ. ದೃಷ್ಟಿ ಮಂದವಾಗಿರುವ ಹುಡುಗಿ ಅಜ್ಜಿಯನ್ನು ಕೇಳಿ ಹಳೇ ಬಾವಿಗಳ ಮಾಹಿತಿ ತರಲಿ. ಕಿವಿ ಕೇಳದ ಹುಡುಗ ನಕ್ಷೆ ಬರೆಯಲಿ. ಕಲಿಕೆಯಲ್ಲಿ ನಿಧಾನವಿರುವ ಮಗು ಕೆರೆ, ಬಾವಿ, ಬೋರ್‌ವೆಲ್ ಚಿತ್ರಗಳನ್ನು ವಿಂಗಡಿಸಲಿ. ನಾಲ್ಕನೆಯವರು ಎಲ್ಲವನ್ನೂ ಸೇರಿಸಿ ಬರೆಯಲಿ. ಒಬ್ಬರ ಪಾಲು ತಪ್ಪಿದರೂ ಗುಂಪಿನ ಕೆಲಸ ಮುಗಿಯಬಾರದು. ಮುಂದಿನ ಪಾಠಕ್ಕೆ ಕೆಲಸ ಅದಲುಬದಲಾಗಲಿ. ಜಾಣ ಮಗುವೇ ಎಲ್ಲವನ್ನೂ ಬರೆದು ಮುಗಿಸಿದರೆ ಅದು ಗುಂಪು ಕಲಿಕೆಯಲ್ಲ. ಆದ್ದರಿಂದ ಗುಂಪಿನ ಕೆಲಸದ ಜೊತೆಗೆ ಪ್ರತಿ ಮಗು ಕಲಿತದ್ದನ್ನೂ ಬೇರೆಯಾಗಿ ನೋಡಿ.

ಪಾಲಕರೇ, ನಿಮ್ಮ ಮಗುವಿನ ಓದು ಹಿಂದೆ ಬೀಳುತ್ತದೆಂದು ಅಂಜಬೇಡಿ. ಗೆಳೆಯನಿಗೆ ಅರ್ಥವಾಗುವಂತೆ ಹೇಳಲು ಹೊರಟ ಮಗು ಮೊದಲು ತಾನು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕು.

ಎಸ್‌ಡಿಎಂಸಿ ಸದಸ್ಯರೇ, ಈ ಭಾರವನ್ನೆಲ್ಲ ಒಬ್ಬ ಶಿಕ್ಷಕರ ಹೆಗಲಿಗೆ ಹಾಕಬೇಡಿ. ತಾಲ್ಲೂಕಿನ ಬಿಇಒ ಕಚೇರಿಗೆ ಬರೆದು, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಶಾಲೆಗೆ ಬಂದಾಗ ವಿಶೇಷ ಅಗತ್ಯವುಳ್ಳ ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯದೆ, ತರಗತಿಯ ಗುಂಪಿನಲ್ಲೇ ಕೂತು ನೆರವಾಗಲೆಂದು ಕೇಳಿ.

ಮುಂದಿನ ಸಭೆಯಲ್ಲಿ ಎಲ್ಲರೂ ಒಂದು ಪ್ರಶ್ನೆ ಎತ್ತೋಣ: ಈ ವಾರ ಆ ಮಗುವಿಗೆ ಗುಂಪಿನಲ್ಲಿ ಯಾವ ಕೆಲಸವಿತ್ತು? ಉತ್ತರ ಸಿಗದಿದ್ದರೆ ವಾರಕ್ಕೆ ಎರಡು ಪೀರಿಯಡ್ ಗುಂಪು ಕಲಿಕೆಗೆಂದು ಅಂದೇ ಗೊತ್ತು ಮಾಡಿ, ನಡಾವಳಿಯಲ್ಲಿ ಬರೆಸೋಣ.