ಎರೆಹೊಲದ ದಾರಿಗೆ ಸ್ವಿಚ್ಚೋ, ಲಿವರ್ರೋ?

ಪಿಕಪ್ ಕೊಳ್ಳುವ ರೈತರು ಈಚೆಗೆ ಕೇಳುವ ಪ್ರಶ್ನೆ ಇದು. ಫೋರ್‌ವೀಲ್ ಹಾಕಲಿಕ್ಕೆ ಲಿವರ್ ಇರುವ ಗಾಡಿ ತಗೊಳ್ಳಬೇಕೋ, ಸ್ವಿಚ್ ಇರುವುದೋ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಎರೆಭೂಮಿ, ಪಟ್ಟಣ ದೂರ, ಮನೆಗೆ ಒಂದೇ ಗಾಡಿ, ಅದೂ ಸೆಕೆಂಡ್‌ಹ್ಯಾಂಡ್ ಅಂದರೆ ಲಿವರ್ರೇ ವಾಸಿ.

ಮಸಾರಿ ಹೊಲದವರಿಗೆ ಈ ಚಿಂತೆ ಕಡಿಮೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ದಾರಿ ಗಟ್ಟಿಯಾಗ್ತದೆ. ಎರೆ ಹಾಗಲ್ಲ. ಟೈರಿಗೆ ಮೆತ್ತಿಕೊಂಡು ಹಲ್ಲೇ ಮುಚ್ಚಿಬಿಡ್ತದೆ. ನಮ್ಮ ಬೆಳವಲದ ಕಡೆ ಹೆಸರು ಬಿಡಿಸುವ ಹೊತ್ತಿಗೇ ಮಳೆ ಹಿಡೀತದೆ. ಈರುಳ್ಳಿಯದೂ ಅದೇ ಪಾಡು. ವರ್ಷದಲ್ಲಿ ಫೋರ್‌ವೀಲ್ ಬೇಕಾಗುವುದು ಕೆಲವೇ ದಿನ. ಆದರೆ ಆ ದಿನ ಅದು ಕೈಕೊಟ್ಟರೆ ಬೆಳೆಯೇ ಹೋಯಿತು.

ಎರಡರ ಒಳಗಿನ ಕೆಲಸ ತಿಳಿದುಕೊಂಡರೆ ಆರಿಸುವುದು ಸುಲಭ. ಮುಖ್ಯ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರ್ತದೆ. ಮುಂದಿನ ಗಾಲಿಗೂ ಶಕ್ತಿ ಹಂಚುವುದು ಅದು. ಲಿವರ್ ಎಳೆದರೆ ಕಂಬಿ ಸರಿದು ಒಳಗಿನ ಫೋರ್ಕನ್ನು ತಳ್ಳುತ್ತದೆ. ಅಷ್ಟೆ. ಹಳೇ ವಿಲ್ಲಿಸ್ ಜೀಪಿನಲ್ಲಿ ಇದಕ್ಕೆ ಎರಡು ಸಣ್ಣ ಲಿವರ್ ಇದ್ದವು, ಒಂದು ಮುಂದಿನ ಗಾಲಿಗೆ, ಒಂದು ಲೋ ಗೇರಿಗೆ. 2020ರಲ್ಲಿ ಬಂದ ಥಾರ್ ಕೂಡ ಲಿವರ್ರನ್ನು ಬಿಟ್ಟಿಲ್ಲ.

ಸ್ವಿಚ್ಚಿನದರಲ್ಲಿ ಆ ಕಂಬಿಯ ಕೆಲಸವನ್ನು ಪುಟ್ಟ ಮೋಟರ್ ಮಾಡ್ತದೆ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಪಿಕಪ್ಪುಗಳಲ್ಲಿ ತಿರುಗಿಸುವ ಗುಂಡಿ ಇದೆ. ಗುಂಡಿ ತಿರುಗಿಸಿದರೆ ಕಂಟ್ರೋಲ್ ಯೂನಿಟ್ಟು ಮೋಟರಿಗೆ ಅಪ್ಪಣೆ ಕೊಡ್ತದೆ. ಗೇರು ಬಿತ್ತೋ ಇಲ್ಲವೋ ಎಂದು ಸೆನ್ಸರ್ ಹೇಳ್ತದೆ.

ಇದರಲ್ಲಿ ಗುಣ ಇಲ್ಲವೆಂದಲ್ಲ. ಕೈಗೆ ಬಲ ಬೇಡ, ವಯಸ್ಸಾದವರಿಗೂ ಸಲೀಸು. ಗಾಡಿ ಓಡುವಾಗ ತಪ್ಪಿ ಲೋ ಗೇರ್ ಕೇಳಿದರೆ ಅದು ಹಾಕುವುದೇ ಇಲ್ಲ. ದಿನಾ ಡಾಂಬರು ರಸ್ತೆ ಓಡಿಸಿ, ಕಂಪನಿ ಸರ್ವಿಸ್ ಹತ್ತಿರ ಇರುವವರು ಧಾರಾಳವಾಗಿ ತಗೊಳ್ಳಲಿ.

ನಮ್ಮ ತೊಂದರೆ ಬೇರೆ. ಬ್ಯಾಟರಿ ಸೋತರೆ, ಫ್ಯೂಸ್ ಹೋದರೆ, ಕನೆಕ್ಟರಿಗೆ ಕೆಸರು ನೀರು ಹೊಕ್ಕರೆ, ಇಲಿ ವೈರು ಕಡಿದರೆ ಸ್ವಿಚ್ಚಿನ ದೀಪ ಮಿಣಮಿಣ ಅನ್ನುತ್ತದೆ, ಗೇರು ಬೀಳುವುದಿಲ್ಲ. ನಮ್ಮೂರಿನ ಒಬ್ಬರ ಹಳೇ ಪಿಕಪ್ಪಿನಲ್ಲಿ ಇಲಿ ಕಡಿದ ಒಂದು ವೈರು ಹುಡುಕಲಿಕ್ಕೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಹೊಲದಲ್ಲೇ ನೆನೆದ ಹೆಸರು ಮೊಳಕೆ ಒಡೆದಿತ್ತು. ಲಿವರ್ರೂ ಕೆಡ್ತದೆ. ಬುಶ್ ಸವೀತದೆ, ಕಂಬಿ ತುಕ್ಕು ಹಿಡೀತದೆ. ಆದರೆ ಗಾಡಿ ಕೆಳಗೆ ಬಗ್ಗಿ ನೋಡಿದರೆ ಕೆಟ್ಟಿದ್ದು ಕಾಣ್ತದೆ, ಊರಿನ ಮೆಕ್ಯಾನಿಕ್ಕೇ ಸರಿ ಮಾಡ್ತಾನೆ.

ಲಿವರ್ ಕಂಡ ಕೂಡಲೇ ಮರುಳಾಗಬೇಡಿ. ಕೆಲವು ಗಾಡಿಗಳಲ್ಲಿ ಲಿವರ್ ಇದ್ದರೂ ಮುಂದಿನ ಆಕ್ಸಲ್ ಜೋಡಿಸುವುದು ವ್ಯಾಕ್ಯೂಮ್ ಕೊಳವೆ ಇಲ್ಲವೇ ಕರೆಂಟಿನಿಂದ. ಅದನ್ನು ಕೇಳಿ ತಿಳಿದುಕೊಳ್ಳಿ. ಹಳೇ ಗಾಡಿಯಾದರೆ ಡಾಂಬರಿನ ಮೇಲೆ ಅಲ್ಲ, ಸಡಿಲ ಮಣ್ಣಿನಲ್ಲಿ ಪರೀಕ್ಷಿಸಿ. ಫೋರ್‌ವೀಲ್ ಹಾಕಿ ನೇರ ಓಡಿಸಿ. ನಿಲ್ಲಿಸಿ, ನ್ಯೂಟ್ರಲ್ ಮಾಡಿ ಲೋ ಗೇರ್ ಹಾಕಿ, ತೆಗೆಯಿರಿ. ಹೋಗಿಬರುವುದು ಎರಡೂ ಸಲೀಸಾಗಬೇಕು.

ಕೊಂಡ ಮೇಲೂ ತಿಂಗಳಿಗೊಮ್ಮೆ ಮೆತ್ತನೆ ಮಣ್ಣಿನಲ್ಲಿ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ. ಒಳಗಿನ ಭಾಗಗಳಿಗೆ ಎಣ್ಣೆ ಆಡ್ತದೆ, ಬಿಗಿಯುವುದಿಲ್ಲ. ಸ್ವಿಚ್ಚಿನದಕ್ಕೂ ಇದೇ ಮಾತು. ಒಣ ಡಾಂಬರಿನಲ್ಲಿ ಮಾತ್ರ ಬೇಡ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿ ಸವೆಸುವ ದಾರಿ ಬೇರೆ ಬೇರೆ. ಎರಡನ್ನೂ ಕಟ್ಟಿಹಾಕಿದರೆ ಪೆಟ್ಟಿಗೆಗೆ ಏಟು. ಟೈರು ಬೋಳಾಗಿದ್ದರಂತೂ ಯಾವ ಫೋರ್‌ವೀಲೂ ಎರೆಯಿಂದ ಎತ್ತುವುದಿಲ್ಲ.

ಗಾಡಿ ಮಾಡುವವರಿಗೂ ಒಂದು ಮಾತು. ಪಟ್ಟಣದವರಿಗೆ ಗುಂಡಿ ಇಡಿ, ಬೇಡ ಅನ್ನುವುದಿಲ್ಲ. ರೈತರಿಗೆ ಮಾರುವ ಪಿಕಪ್ಪಿನಲ್ಲಿ ಲಿವರ್ ಉಳಿಸಿ. ನಾವು ಕೊಳ್ಳುವವರೂ ಷೋರೂಮಿಗೆ ಹೋಗುವ ಮುಂಚೆ ಊರಿನ ಮೆಕ್ಯಾನಿಕ್‌ನ ಹತ್ತಿರ ಹೋಗಿ, ಇದು ಕೆಟ್ಟರೆ ನಿನ್ನ ಕೈಲಿ ಆಗ್ತದೇನಪ್ಪ ಎಂದು ಕೇಳಬೇಕು.