ಕಡಲಿಗಿಳಿಯದ ದಿನಗಳಿಗೂ ಯೋಜನೆಯಲ್ಲಿ ಜಾಗವಿರಲಿ

ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಗೆ ಸ್ಪಿಯರ್‌ಫಿಶಿಂಗ್‌ಗೆಂದು ಹೊರಡುವವರ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ವೀಸಾ, ವಿಮಾನದ ಟಿಕೆಟ್, ಬಾಡಿಗೆ ಕಾರು, ದೋಣಿ, ವೆಟ್‌ಸೂಟ್, ಸ್ಪಿಯರ್‌ಗನ್, ಮೀನು ಹಿಡಿಯುವ ಪರವಾನಗಿ. ಅದರ ಕೆಳಗೆ ದಿನಗಳ ಲೆಕ್ಕ: ಒಟ್ಟು ಹತ್ತು ದಿನ ರಜೆ, ಹೋಗಿಬರಲು ಎರಡು ದಿನ, ಉಳಿದ ಎಂಟೂ ದಿನ ಕಡಲು. ಈ ಪಟ್ಟಿಯಲ್ಲಿ ನನಗೆ ಭಯ ಹುಟ್ಟಿಸುವುದು ಆ ಕೊನೆಯ ಸಾಲು. ಶಾರ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಂಟಕ್ಕೆ ಎಂಟೂ ದಿನ ನೀರಿಗಿಳಿಯಲೇಬೇಕೆಂಬ ಹಟದ ಬಗ್ಗೆ ಯಾರೂ ಕೇಳುವುದಿಲ್ಲ.

ಸ್ಪಿಯರ್‌ಫಿಶಿಂಗ್ ಎಂದರೆ ಉಸಿರು ಬಿಗಿಹಿಡಿದು ಮುಳುಗಿ, ಈಟಿ ಹಾರಿಸುವ ಬಂದೂಕಿನಿಂದ ಒಂದೊಂದೇ ಮೀನನ್ನು ನೋಡಿ ಹೊಡೆಯುವುದು. ಅಂಡಮಾನಿನಲ್ಲೋ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲೋ ಮುಳುಗುವುದನ್ನು ಕಲಿತವರಿಗೆ ಡರ್ಬನ್, ಸೊಡ್ವಾನಾ ಬೇ, ಮೊಜಾಂಬಿಕಿನ ಪೊಂಟಾ ಡೊ ಔರೊ ಎಂಬ ಹೆಸರುಗಳು ಕನಸಿನಲ್ಲಿ ಬರುವುದು ಸಹಜ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವ ಯೋಜನೆಯಲ್ಲಿ 'ಇವತ್ತು ಬೇಡ' ಎನ್ನುವುದಕ್ಕೆ ಜಾಗ ಇಲ್ಲದಿದ್ದರೆ ಅದು ಯೋಜನೆಯೇ ಅಲ್ಲ, ಅಷ್ಟೇ.

ಮೊದಲು ಆ ಕಡಲನ್ನು ನೋಡೋಣ. ಕ್ವಾಜುಲು-ನಟಾಲ್ ಪ್ರಾಂತದ ಉದ್ದನೆಯ ಕರಾವಳಿಯಲ್ಲಿ ಡರ್ಬನ್ ಮತ್ತು ರಿಚರ್ಡ್ಸ್ ಬೇ ಬಿಟ್ಟರೆ ದೊಡ್ಡ ಬಂದರುಗಳಿಲ್ಲ. ಹೀಗಾಗಿ ಹೆಚ್ಚಿನ ಕಡೆ ದೋಣಿಯನ್ನು ಮರಳ ದಂಡೆಯಿಂದಲೇ ನೀರಿಗೆ ತಳ್ಳಬೇಕು. ಸ್ಕೀ ಬೋಟ್ ಎಂದು ಅಲ್ಲಿಯವರು ಕರೆಯುವ, ಎರಡು ಎಂಜಿನ್‌ಗಳ ಸಣ್ಣ ದೋಣಿ ಒಡೆಯುವ ಅಲೆಗಳ ಸಾಲನ್ನು ಸೀಳಿಕೊಂಡು ಆಚೆ ಹೋಗಬೇಕು. ಸ್ಕಿಪ್ಪರ್ ಅಲೆಗಳನ್ನು ಎಣಿಸುತ್ತಾ ಕಾಯುತ್ತಾನೆ. ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ನುಗ್ಗುತ್ತಾನೆ. ವಾಪಸ್ ಬರುವಾಗಲೂ ಅದೇ ಅಲೆಗಳ ಬೆನ್ನೇರಿ ಬಂದು, ವೇಗ ತಗ್ಗಿಸದೆ ದೋಣಿಯನ್ನು ಮರಳಿಗೆ ಹತ್ತಿಸಬೇಕು. ಮರಳುವ ಹೊತ್ತಿಗೆ ಅಲೆ ಎಷ್ಟೆತ್ತರ ಇರುತ್ತದೆಂದು ಹೊರಡುವಾಗಲೇ ಅಂದಾಜು ಮಾಡಬೇಕು.

ಅದರಾಚೆ ಅಗುಲ್ಹಾಸ್ ಪ್ರವಾಹ. ಈಶಾನ್ಯದಿಂದ ನೈಋತ್ಯಕ್ಕೆ ಕರಾವಳಿಗುಂಟ ಹರಿಯುವ ಈ ಪ್ರವಾಹ ಜಗತ್ತಿನ ಪ್ರಬಲ ಸಾಗರ ಪ್ರವಾಹಗಳಲ್ಲೊಂದು. ತೀವ್ರವಾದ ಕಡೆ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ, ಅಂದರೆ ಗಂಟೆಗೆ 7 ಕಿ.ಮೀ. ಅಷ್ಟು ವೇಗದಲ್ಲಿ ಮನುಷ್ಯ ಎದುರೀಜಲಾರ. ನೈಋತ್ಯದಿಂದ ಗಾಳಿ ಎದ್ದರೆ ಅದು ಈ ಪ್ರವಾಹಕ್ಕೆ ನೇರ ಎದುರಾಗಿ ಬೀಸುತ್ತದೆ. ಆಗ ಅಲೆಗಳು ಕಡಿದಾಗಿ, ಎತ್ತರವಾಗಿ ಏಳುತ್ತವೆ. 1909ರ ಜುಲೈಯಲ್ಲಿ ಡರ್ಬನ್ನಿನಿಂದ ಕೇಪ್‌ಟೌನಿಗೆ ಹೊರಟ 'ವಾರಾಟಾ' ಎಂಬ ಹಡಗು 211 ಜನರೊಂದಿಗೆ ಇದೇ ಕರಾವಳಿಯಲ್ಲಿ ಕಾಣೆಯಾಯಿತು. ಅದರ ಅವಶೇಷ ಇವತ್ತಿಗೂ ಸಿಕ್ಕಿಲ್ಲ. ಹಡಗಿನ ಕತೆಯೇ ಹೀಗಾದರೆ ಆರೇಳು ಮೀಟರಿನ ದೋಣಿ ಯಾವ ಲೆಕ್ಕ? ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನಕ್ಕೆ ಹಾಗೆಯೇ ಇರುತ್ತದೆಂಬ ಖಾತರಿ ಇಲ್ಲ.

ಎರಡನೆಯದು ನಮ್ಮ ದೇಹ. ಈ ಆಟದಲ್ಲಿ ಶಾರ್ಕಿಗಿಂತ ಹೆಚ್ಚು ಅಂಜಬೇಕಾದದ್ದು ನೀರಿನಲ್ಲಿ ಪ್ರಜ್ಞೆ ತಪ್ಪುವುದಕ್ಕೆ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು. ಆ ಒತ್ತಡದಿಂದಾಗಿ ಶ್ವಾಸಕೋಶದಲ್ಲಿ ಉಳಿದ ಸ್ವಲ್ಪ ಆಮ್ಲಜನಕವೂ ಅಲ್ಲಿ ಸಾಕಾಗುತ್ತದೆ, 'ಇನ್ನೂ ಇರಬಹುದು' ಅನಿಸುತ್ತದೆ. ಮೇಲೇರುತ್ತಿದ್ದಂತೆ ಒತ್ತಡ ಇಳಿದು, ಅದೇ ಆಮ್ಲಜನಕ ರಕ್ತಕ್ಕೆ ಸಾಲದಾಗುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ, ಕೆಲವೊಮ್ಮೆ ತಲೆ ನೀರಿನಿಂದ ಹೊರಬಂದ ಮೇಲೂ, ದೀಪ ಆರಿದಂತೆ ಪ್ರಜ್ಞೆ ಹೋಗುತ್ತದೆ. ಮುಳುಗುವ ಮುನ್ನ ಜೋರುಜೋರಾಗಿ ಉಸಿರಾಡಿಕೊಂಡವರಿಗೆ ಅಪಾಯ ಇನ್ನೂ ಹೆಚ್ಚು. ಯಾಕೆಂದರೆ ಉಸಿರು ಬೇಕೆಂದು ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಆಗ ದೇಹದಲ್ಲಿ ಕಡಿಮೆಯಾಗಿರುತ್ತದೆ. ಮುನ್ಸೂಚನೆ ಇಲ್ಲದ ಅಪಾಯ ಇದು.

ಇದಕ್ಕೆ ಬಲ್ಲವರು ಹೇಳುವ ಪರಿಹಾರ ಸರಳ: ಒಬ್ಬ ಕೆಳಗೆ, ಒಬ್ಬ ಮೇಲೆ. ಕೆಳಗಿನವನು ಬಂದು ಅರ್ಧ ನಿಮಿಷವಾದರೂ ಸರಿಯಾಗಿ ಉಸಿರಾಡುವವರೆಗೆ ಮೇಲಿನವನ ಕಣ್ಣು ಅವನ ಮೇಲೆಯೇ ಇರಬೇಕು. ನೀರೊಳಗೆ ಕಳೆದ ಹೊತ್ತಿನ ಎರಡು ಪಟ್ಟಾದರೂ ಮೇಲೆ ವಿಶ್ರಾಂತಿ ಬೇಕು. ಇದನ್ನು ಪಾಲಿಸಿದರೆ ಮೀನು ಹೊಡೆಯುವ ಸಮಯ ಅರ್ಧಕ್ಕಿಳಿಯುತ್ತದೆ. ಪಾಲಿಸದಿರುವ ಆಸೆ ಯಾವಾಗ ಹುಟ್ಟುತ್ತದೆ? ಹಿಂದಿನ ಎರಡು ದಿನ ಗಾಳಿಯಿಂದಾಗಿ ಹಾಳಾಗಿ, ನಾಳೆ ವಿಮಾನ ಹತ್ತಬೇಕಿದ್ದಾಗ. ಅಂದರೆ ಕ್ಯಾಲೆಂಡರ್ ಮಾಡುವ ಒತ್ತಾಯವನ್ನು ಶ್ವಾಸಕೋಶ ತಾಳಬೇಕು.

ಮೂರನೆಯದು ಮೀನು. ಅಲ್ಲಿ ಕೌಟಾ ಎಂದು ಕರೆಯುವ, ಎಲ್ಲರೂ ಬಯಸುವ ಮೀನು ನಮಗೆ ಹೊಸದಲ್ಲ. ಮಂಗಳೂರಿನ ಅಂಜಲ್, ಮುಂಬೈಯ ಸುರ್ಮಾಯಿ, ಚೆನ್ನೈಯ ವಂಜರಂ ಎಲ್ಲವೂ ಅದೇ. ಆದರೆ ಆ ನೀರಿನಲ್ಲಿ ಹೊಡೆಯಬಾರದ ಮೀನುಗಳೂ ಇವೆ. ಪೊಟೇಟೊ ಬಾಸ್ ಎಂಬ ದೊಡ್ಡ ಗುಂಡುಮೈಯ ಮೀನು ಕುತೂಹಲದಿಂದ ತಾನಾಗಿ ಹತ್ತಿರ ಬರುತ್ತದೆ. ಅದಕ್ಕಿಂತ ಸುಲಭದ ಗುರಿ ಇಲ್ಲ, ಆದರೆ ಕಾನೂನು ಅದನ್ನು ರಕ್ಷಿಸಿದೆ. ಸೆವೆಂಟಿ-ಫೋರ್ ಎಂಬ ಮೀನು ಒಂದು ಕಾಲಕ್ಕೆ ರಾಶಿರಾಶಿ ಸಿಗುತ್ತಿತ್ತು. ಮೊಟ್ಟೆಯಿಡಲು ಗುಂಪುಗೂಡುವ ಜಾಗಗಳಲ್ಲೇ ಹಿಡಿದು ಹಿಡಿದು ಅದು ಕುಸಿಯಿತು. ಈಗ ಅದನ್ನು ಮುಟ್ಟುವಂತಿಲ್ಲ. 2000ದಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ತನ್ನ ಗಾಳದ ಮೀನುಗಾರಿಕೆಯಲ್ಲಿ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು.

1998ರ ಕಡಲ ಜೀವಸಂಪನ್ಮೂಲ ಕಾಯ್ದೆಯಡಿ ಬಂದ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪರವಾನಗಿ ಕಡ್ಡಾಯ. ಹವ್ಯಾಸಕ್ಕೆ ಹಿಡಿದದ್ದನ್ನು ಮಾರುವಂತಿಲ್ಲ. ಆಮ್ಲಜನಕದ ಸಿಲಿಂಡರೋ ಗಾಳಿಯ ಸಿಲಿಂಡರೋ ಕಟ್ಟಿಕೊಂಡು ಈಟಿ ಹಾರಿಸುವಂತಿಲ್ಲ. ನಿನ್ನ ಒಂದು ಉಸಿರಿನಷ್ಟೇ ನಿನ್ನ ಅವಕಾಶ ಎಂಬುದು ಈ ಕೊನೆಯ ನಿಯಮದ ಅರ್ಥ. ಸೊಡ್ವಾನಾ ಇರುವ ಇಸಿಮಂಗಲಿಸೊ ಪ್ರದೇಶ 1999ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಯ ಕಡಲನ್ನು ವಲಯಗಳಾಗಿ ವಿಂಗಡಿಸಿದ್ದಾರೆ, ಕೆಲವೆಡೆ ಮೀನಿಗೆ ಕೈಹಚ್ಚುವಂತೆಯೇ ಇಲ್ಲ. ಗಡಿ ದಾಟಿ ಮೊಜಾಂಬಿಕಿಗೆ ಹೋದರೆ ಕಾನೂನೂ ಬೇರೆ, ಪರವಾನಗಿಯೂ ಬೇರೆ. ದೋಣಿ ಗೊತ್ತುಮಾಡುವ ಮೊದಲು ಈ ನಕ್ಷೆಗಳನ್ನು ಮುಂದಿಟ್ಟುಕೊಂಡು ಕೂರಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೂ ಹೌದು. ವರ್ಷವಿಡೀ ಕೂಡಿಟ್ಟ ರಜೆ, ಲಕ್ಷಗಟ್ಟಲೆ ಖರ್ಚು, ಮತ್ತೆ ಯಾವಾಗ ಹೋಗುತ್ತೇವೋ ಗೊತ್ತಿಲ್ಲ. ಅಲ್ಲಿಯವನಿಗಾದರೆ ಮುಂದಿನ ಶನಿವಾರ ಇದೆ, ನಮಗೆಲ್ಲಿದೆ? ನಿಜ. ಆದರೆ ಅಲೆಗೆ ನಮ್ಮ ಟಿಕೆಟ್ಟಿನ ದರ ಗೊತ್ತಿಲ್ಲ. ವರ್ಸೋವಾದ ಕೋಳಿಗಳು ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು, ನಾರಳಿ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುತ್ತಾರೆ. ನಮ್ಮ ಕರಾವಳಿಯ ಮೊಗವೀರರೂ ಮಳೆಗಾಲಕ್ಕೆ ಹಾಗೆಯೇ ಕಾಯುತ್ತಾರೆ. ಕಡಲನ್ನೇ ನಂಬಿ ಬದುಕುವವರು ವಾರಗಟ್ಟಲೆ ಕಾಯಬಲ್ಲರೆಂದರೆ ಮೋಜಿಗೆ ಹೋದವರು ಎರಡು ದಿನ ಕಾಯಲಾರರೆ?

ನಮ್ಮ ಹಟದ ಬೆಲೆಯನ್ನು ನಾವೊಬ್ಬರೇ ತೆರುವುದೂ ಇಲ್ಲ. 1966ರಲ್ಲಿ ಸ್ಟಿಲ್‌ಬಾಯ್ ಬಳಿ 17 ಮೀನುಗಾರರು ಮುಳುಗಿ ಸತ್ತ ಮೇಲೆ, 1967ರಲ್ಲಿ ಅಲ್ಲಿ ಸಮುದ್ರ ರಕ್ಷಣೆಯ ರಾಷ್ಟ್ರೀಯ ಸಂಸ್ಥೆ ಎನ್‌ಎಸ್‌ಆರ್‌ಐ ಹುಟ್ಟಿತು. ಅದರಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಸಾವಿರಕ್ಕೂ ಹೆಚ್ಚು. ನಾವು ಇಳಿಯಬಾರದ ದಿನ ಇಳಿದು ಸಿಕ್ಕಿಹಾಕಿಕೊಂಡರೆ ಮನೆಯೂಟ ಬಿಟ್ಟೆದ್ದು ಅದೇ ಅಲೆಗಳಿಗೆ ನುಗ್ಗುವವರು ಅವರು.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನದು. ಮೋಜಿಗಾಗಿ ಮೀನು ಕೊಲ್ಲಲು ಅಷ್ಟು ದೂರ ಹೋಗಬೇಕೇ? ಮಾಂಸ ಮುಟ್ಟದವರು ಹೀಗೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಅವರ ನಿಲುವನ್ನು ಗೌರವಿಸುತ್ತೇನೆ. ಮೀನು ತಿನ್ನುವವರು ಕೇಳಿದರೆ ಮಾತ್ರ ಒಂದು ಮಾತು. ಬಲೆ ಯಾವುದನ್ನೂ ಆರಿಸುವುದಿಲ್ಲ. ಈಟಿ ಹಿಡಿದವನು ಜಾತಿ, ಗಾತ್ರ ನೋಡಿ ಆರಿಸಬಲ್ಲ, ಬಿಡಲೂಬಲ್ಲ. ಬಿಡುವುದನ್ನು ಕಲಿಯದಿದ್ದರೆ ಈ ವಾದ ಬಿದ್ದುಹೋಗುತ್ತದೆ. ಹತ್ತು ದಿನದಲ್ಲಿ ಫೋಟೋಗಾದರೂ ಒಂದು ದೊಡ್ಡ ಮೀನು ಬೇಕೆಂದು ಹೊರಟವನಿಗೆ ಬಿಡುವುದು ಸುಲಭವಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ಹತ್ತು ದಿನದಲ್ಲಿ ನಾಲ್ಕನ್ನು ಮಾತ್ರ ಕಡಲಿನ ದಿನವೆಂದು ಎಣಿಸಿ, ಅದಕ್ಕೆ ತಕ್ಕಷ್ಟೇ ಖರ್ಚು ಮಾಡಿ. ಐದನೆಯದು ಸಿಕ್ಕರೆ ಲಾಭ. ಹವಾಮಾನ ಕೆಟ್ಟು ಸ್ಕಿಪ್ಪರ್ ರದ್ದು ಮಾಡಿದರೆ ಮುಂಗಡ ವಾಪಸ್ ಬರುತ್ತದೆಯೇ ಎಂದು ಮೊದಲೇ ಕೇಳಿ. ಕಳೆದ ತಿಂಗಳು ಎಷ್ಟು ದಿನ ದೋಣಿ ಇಳಿಸಲಿಲ್ಲ ಎಂದೂ ಕೇಳಿ. 'ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ' ಎನ್ನುವವನನ್ನು ಬಿಟ್ಟು ಬೇರೆಯವನನ್ನು ಹುಡುಕಿ. ಗುಂಪಿನಲ್ಲಿ ಯಾರೊಬ್ಬರು ಬೇಡವೆಂದರೂ ಯಾರೂ ಇಳಿಯಬಾರದು, ಕಾರಣವನ್ನೂ ಕೇಳಬಾರದು. ಈ ಒಪ್ಪಂದ ಮನೆಯಲ್ಲಿ ಕೂತಾಗಲೇ ಆಗಬೇಕು, ದಂಡೆಯ ಮೇಲೆ ಎಲ್ಲರೂ ವೆಟ್‌ಸೂಟ್ ಹಾಕಿ ನಿಂತಾಗ ಅದು ಆಗುವುದಿಲ್ಲ.

ಉಳಿದ ದಿನಗಳು ವ್ಯರ್ಥವಲ್ಲ. 1860ರಿಂದ ಕೂಲಿಯ ಕರಾರಿನ ಮೇಲೆ ಡರ್ಬನ್ನಿಗೆ ಬಂದ ಭಾರತೀಯರಲ್ಲಿ ಕೆಲವರು ಕರಾರು ಮುಗಿದ ಮೇಲೆ ಅಲ್ಲಿಯ ಸಾಲಿಸ್ಬರಿ ದ್ವೀಪದಲ್ಲಿ ನೆಲೆಸಿ ಮೀನುಗಾರರಾದರು. ಎಳೆಬಲೆ ಹಿಡಿದು ಡರ್ಬನ್ ದಂಡೆಯಲ್ಲಿ ಮೀನು ಹಿಡಿದವರ ಚರಿತ್ರೆ ಅಲ್ಲಿದೆ. ಗಾಳಿ ಎದ್ದ ದಿನ ಅದನ್ನು ತಿಳಿದುಕೊಂಡು ಬರಬಹುದು. ಬರೀ ದಂಡೆಯ ಮೇಲೆ ಕೂತು, ಅಲೆಗಳನ್ನು ಎಣಿಸುವ ಸ್ಕಿಪ್ಪರ್ ಏನನ್ನು ನೋಡುತ್ತಾನೆಂದು ನಾವೂ ನೋಡುವುದನ್ನು ಕಲಿಯಬಹುದು.

ಮುಂಗಡ ಕಟ್ಟುವ ಮುನ್ನ ಜೊತೆಗಾರರಿಗೆಲ್ಲ ಒಂದು ಪ್ರಶ್ನೆ ಕಳಿಸಿ: ನಾಲ್ಕೇ ದಿನ ನೀರು ಸಿಕ್ಕಿ, ಒಂದು ಮೀನೂ ಸಿಗದೆ ಬಂದರೂ ಈ ಪ್ರವಾಸ ನಿಮಗೆ ಒಪ್ಪಿಗೆಯೇ? ಒಪ್ಪದವರ ಜೊತೆ ಬೇರೆ ಎಲ್ಲಿಗಾದರೂ ಹೋಗಿ, ಆ ಕಡಲಿಗೆ ಬೇಡ.