ಸಿನಿಮಾದಲ್ಲಿ ‘ನಾನು’ ಎನ್ನುವವರು ಯಾರು?

ಇತ್ತೀಚೆಗೆ ದೆಹಲಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ನಾವು ಕೆಲವರು ಸೇರಿ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮತ್ತೊಮ್ಮೆ ನೋಡಿದೆವು. ಚಿತ್ರ ಮುಗಿದೊಡನೆ ಹಿರಿಯರೊಬ್ಬರು, “ಎಲ್ಲವೂ ಅನಂತಮೂರ್ತಿಯವರ ಕಥೆಯ ಬಲ” ಎಂದರು. ಇಲ್ಲಿಯೇ ಹುಟ್ಟಿ ಬೆಳೆದ, ಕನ್ನಡ ಆಡಬಲ್ಲ ಆದರೆ ಓದಲಾರದ ಹುಡುಗಿಯೊಬ್ಬಳು, “ನಾನು ಕಥೆ ಓದಿಲ್ಲವಲ್ಲ ಅಂಕಲ್, ಹಾಗಾದರೆ ನಾನು ನೋಡಿದ್ದೇನು?” ಎಂದು ಕೇಳಿದಳು. ಉತ್ತರಿಸದೆ ನಾವೆಲ್ಲ ಕಾಫಿಗೆ ಎದ್ದೆವು.

ಸಾಹಿತ್ಯದ ಬಾಗಿಲಿನಿಂದ ಸಿನಿಮಾಕ್ಕೆ ಬಂದ ನಮ್ಮಂಥವರಲ್ಲಿ ಹಳೆಯದೊಂದು ಪಕ್ಷಪಾತವಿದೆ. ಕಥೆಯೇ ಜೀವ, ದೃಶ್ಯ ಅದರ ಉಡುಪು ಎಂದು ನಂಬಿದವರು ನಾವು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಹೆನ್ರಿ ಜೇಮ್ಸ್‌ನನ್ನು ಓದುವಾಗ, ಯಾರ ಕಣ್ಣಿನಿಂದ ಕಾಣುತ್ತೇವೆಂಬುದು ಕಥೆಯಷ್ಟೇ ಮುಖ್ಯವೆಂದು ಬರೆದು ಅಂಕ ಗಳಿಸಿದೆವು. ಅದೇ ಮಾತನ್ನು ಕ್ಯಾಮೆರಾದ ಬಗ್ಗೆ ಹೇಳಲು ಏಕೋ ಹಿಂಜರಿಯುತ್ತೇವೆ.

ಅನಂತಮೂರ್ತಿಯವರ ಕಥೆಯನ್ನು ಪಾಠಶಾಲೆಗೆ ಬಂದ ಬಾಲಕ ‘ನಾನು’ ಎಂದು ನಿರೂಪಿಸುತ್ತಾನೆ. ವಿಧವೆ ಯಮುನಕ್ಕನ ಬಸಿರು, ಅಗ್ರಹಾರದ ಪಿಸುಮಾತು, ಬದುಕಿರುವ ಮಗಳಿಗೆ ತಂದೆಯೇ ಮಾಡುವ ಶ್ರಾದ್ಧ, ಇವೆಲ್ಲ ಅವನಿಗೆ ಅರೆಬರೆಯಾಗಿ ತಿಳಿಯುತ್ತವೆ. ಆ ಅರೆತಿಳಿವಿನಲ್ಲಿಯೇ ಕಥೆಯ ಯಾತನೆಯಿದೆ. ಸಿನಿಮಾಕ್ಕಾದರೋ ‘ನಾನು’ ಎಂಬ ಸರ್ವನಾಮವಿಲ್ಲ. ಕಾಸರವಳ್ಳಿಯವರೂ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರೂ ಅದನ್ನು ಕಪ್ಪು-ಬಿಳುಪಿನ ಬೆಳಕು-ನೆರಳಿನಲ್ಲಿ ಕಟ್ಟಬೇಕಾಯಿತು. ಕೊನೆಯಲ್ಲಿ ತಂದೆಯೊಡನೆ ಊರಿಗೆ ಹೊರಟ ನಾಣಿ, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಇದನ್ನು ಒಂದು ವಾಕ್ಯದಲ್ಲಿ ಬರೆಯಬಹುದು, ಈಗಷ್ಟೇ ಬರೆದಿದ್ದೇವೆ. ಅದರಿಂದ ಯಾರ ಎದೆಯೂ ನಡುಗದು. ತೆರೆಯ ಮೇಲೆ ನಡುಗುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ನಾವು ನಾಣಿಯ ಕಣ್ಣಿನಲ್ಲಿ ನೋಡಲು ಕಲಿತಿರುತ್ತೇವೆ. ಇಲ್ಲಿ ದೃಶ್ಯಶೈಲಿಯೇ ನಿರೂಪಕ.

ಹಾಗೆಂದು ಚೆಲುವಾದ ಚಿತ್ರಿಕೆಗಳೆಲ್ಲ ಶೈಲಿಯೆನಿಸುವುದಿಲ್ಲ. ಡ್ರೋನ್ ಹಾರಿಸಿ ಪಶ್ಚಿಮ ಘಟ್ಟದ ಹಸಿರು ತೋರಿಸುವ ಚಿತ್ರಗಳು ಈಗ ಹೇರಳ. ಊರು ಬಿಟ್ಟ ನಮಗೆ ಅವನ್ನು ಕಂಡರೆ ಕಣ್ಣು ತೇವವಾಗುವುದೂ ನಿಜ. ಆದರೆ ಯಾರೂ ನೋಡುತ್ತಿಲ್ಲದ ಆ ನೋಟಕ್ಕೂ ಗೋಡೆಯ ಕ್ಯಾಲೆಂಡರಿಗೂ ವ್ಯತ್ಯಾಸ ಕಡಿಮೆ.

ನಮ್ಮ ಮಕ್ಕಳಲ್ಲಿ ಅನೇಕರಿಗೆ ಪುಸ್ತಕದ ಅನಂತಮೂರ್ತಿ, ತೇಜಸ್ವಿ ದಕ್ಕಲಾರರು. ಇದು ನಮ್ಮದೇ ಸೋಲು; ಮನೆಯಲ್ಲಿ ಅಕ್ಷರ ಕಲಿಸದಿದ್ದವರು ನಾವೇ. ಅದರ ಮೇಲೆ, ನೀವು ನೋಡಿದ್ದು ಕಥೆಯ ನೆರಳಷ್ಟೇ ಎಂದು ಅವರಿಗೆ ಹೇಳುವುದು ಅನ್ಯಾಯ, ಸುಳ್ಳು ಕೂಡ. ಆ ಹುಡುಗಿ ಕಂಡದ್ದು ಪೂರ್ಣ ಕೃತಿಯನ್ನೇ. ಕಥೆ ಓದಿದ ನಾವು ಓದಿದ್ದು ಬೇರೊಂದನ್ನು.

ಮುಂದಿನ ಬಾರಿ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ತಬರನ ಕಥೆ’ ನೋಡುವುದೆಂದು ಗೊತ್ತುಮಾಡಿದ್ದೇವೆ. ಪಿಂಚಣಿಗಾಗಿ ಅಲೆಯುವ ತಬರನನ್ನು ನೋಡುವಾಗ, ದಿನವೂ ಕಡತ ತಿರುವುವ ನಮ್ಮ ತಲೆ ತಾನಾಗಿ ತಗ್ಗುತ್ತದೆ. ಚಿತ್ರ ಮುಗಿದ ಮೇಲೆ ಮೊದಲ ಮಾತು ಆ ಹುಡುಗಿಯದು.